ಕೊನೆಗೆ ಉಣ್ಣುವ ಮುಂದಾಳು

ಕೊಪ್ಪಳದ ತರಬೇತಿಯಲ್ಲಿ ಊಟದ ನಂತರದ ಪಾಠದ ಹೊತ್ತಿಗೆ ಉಪದೇಶಿ ಸಮಾಧಾನಪ್ಪನವರು ತುಸು ತೂಕಡಿಸಿದ್ದೇ ಮುಂದಿನ ಅನಾಹುತಕ್ಕೆಲ್ಲ ಮೂಲವಾಯಿತು. ಕಣ್ಣು ಮುಚ್ಚುವ ಮುನ್ನ, ಸುತ್ತಲಿನ ಸಭೆಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಅಯ್ಯನವರ ಒಂದು ಮಾತು ಮಾತ್ರ ಅವರ ಕಿವಿಗೆ ಬಿದ್ದಿತ್ತು: ಸಭೆಯ ಮುಂದಾಳಾದವನು ಎಲ್ಲರಿಗಿಂತ ಕೊನೆಗೆ ಉಣ್ಣಬೇಕು. ಅದರ ಮುಂದಿನ ಮಾತು ಗೊರಕೆಯಲ್ಲಿ ಕರಗಿಹೋಗಿತ್ತು.

ಆ ಅರ್ಧ ಪಾಠವನ್ನೇ ಅವರು ತಾವರಗೇರಾಕ್ಕೆ ಜತನದಿಂದ ಹೊತ್ತು ತಂದರು. ಅಲ್ಲಿನ ಪುಟ್ಟ ಕ್ರೈಸ್ತ ಸಭೆಗೆ ತಾನೇ ಹಿರಿಯನಾಗಬೇಕೆಂದು ತೋಟದ ಮಾರೆಪ್ಪ, ದನದ ದಲಾಲಿ ಕಾಳಪ್ಪ ಇಬ್ಬರೂ ಹಟ ಹಿಡಿದಿದ್ದರು. ಸುಗ್ಗಿ ಕಾಣಿಕೆಯ ಹಬ್ಬ ಬಂದಾಗಲೆಲ್ಲ ಮೊದಲ ಎಲೆ ಯಾರದೆಂದು ಜಗಳ. ಹೋದ ವರ್ಷವಂತೂ ಹುಗ್ಗಿಯ ಕೊಪ್ಪರಿಗೆಯೇ ಉರುಳಿ, ಬೀದಿಯ ನಾಯಿಗಳಿಗೆ ಹಬ್ಬವಾಗಿತ್ತು.

"ಈ ಸಲಾನೂ ಜಗಳಾದ್ರ ನಿಮ್ಮ ಸಭಾ ಕುಷ್ಟಗಿಗೆ ಸೇರಸ್ತೀನಿ. ಇಲ್ಲಿ ಬಾಗಲಕ್ಕ ಕೀಲಿನೇ ಗತಿ," ಎಂದು ಅಯ್ಯನವರು ಎಚ್ಚರಿಸಿದ್ದರು. ಈಗ ಸಾವಿರದ ಒಂಬೈನೂರ ಮೂವತ್ತೊಂದರ ಸುಗ್ಗಿ. ಹಿರಿಯನನ್ನು ಆರಿಸಲು ಅವರೇ ಮೊದಲ ಬಾರಿಗೆ ಊರಿಗೆ ಬರುವವರಿದ್ದರು.

ಬೆಳಗಿನ ಆರಾಧನೆಯಲ್ಲಿ ಸಮಾಧಾನಪ್ಪನವರು ಆ ಒಂದು ಮಾತನ್ನೇ ಹಿಗ್ಗಿಸಿ, ಜಗ್ಗಿಸಿ, ಜನರ ಕಣ್ಣಲ್ಲಿ ನೀರು ಬರುವಂತೆ ಬೋಧಿಸಿದರು. ಇನ್ನು ಮೊದಲ ಎಲೆಗೆ ಯಾರೂ ಬಡಿದಾಡಲಾರರು ಎಂದು ಮನಸ್ಸು ಹಗುರಾಯಿತು. ಹುಗ್ಗಿಗೆಂದು ತಾವೂ ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದರು.

ಮಧ್ಯಾಹ್ನ ಎಲೆ ಹಾಕಿದರು. ಒಬ್ಬರೂ ಕೂಡಲಿಲ್ಲ.

"ಮಾರೆಪ್ಪಣ್ಣ, ಕುಂದರ್ರಿ."

"ನಾ ಯಾಕ್ರಿ? ಕಾಳಪ್ಪಗ ಹಸಿವು ತಡಿಯಂಗಿಲ್ಲ. ಮೊದಲ ಅವನ್ನ ಕುಂದರಸ್ರಿ."

"ಹಸಿವಂದ್ರ ಏನಂತ ನನಗ ಗೊತ್ತ ಇಲ್ಲ," ಎಂದ ಕಾಳಪ್ಪ. ಆ ಕ್ಷಣಕ್ಕೇ ಅವನ ಹೊಟ್ಟೆ ಎಣ್ಣೆ ಕಾಣದ ಗಾಡಿಯಂತೆ ಕಿರುಗುಟ್ಟಿತು. "ಮಾರೆಪ್ಪ ಉಂಡ ಮ್ಯಾಲೆ ನೋಡೋಣಂತ."

ಮಾರೆಪ್ಪನ ಕಡೆಯವರು ಒಂದು ಗೋಡೆಗೆ, ಕಾಳಪ್ಪನ ಕಡೆಯವರು ಇನ್ನೊಂದು ಗೋಡೆಗೆ ಆತು ನಿಂತರು. ಹುಗ್ಗಿಯ ಪರಿಮಳ ನಡುವೆ ಅನಾಥವಾಗಿ ಅಲೆಯಿತು.

"ನಿಮ್ಮ ದೊಡ್ಡಸ್ತಿಕಿಗೆ ಬೆಂಕಿ ಹಚ್ಚ!" ಎಂದು ಅಡುಗೆಯ ಹೊಳಿಯಮ್ಮ ಸವಟು ಎತ್ತಿದಳು. "ಹುಗ್ಗಿ ಆರಿ ಗಚ್ಚ ಆಗಾಕತ್ತೈತಿ. ನಾಳಿ ಇದರಾಗ ಗ್ವಾಡಿ ಕಟ್ಟತೀರೇನು?"

"ಹೋದ ವರ್ಷ ಮೊದಲ ಉಣ್ಣಾಕ ಬಂದು ನನ್ನ ಅಂಗಿ ಹರದಿದ್ದಿ!" ಎಂದು ಮಾರೆಪ್ಪ ಮುಂದೆ ಬಂದ.

"ಈ ವರ್ಷ ಕೊನಿಗೆ ಉಣ್ಣಾಕ ಹರೀತೀನಿ!" ಎಂದು ಕಾಳಪ್ಪ ಅಂಗಿಯ ತೋಳು ಮಡಿಚಿದ.

ಅಷ್ಟರಲ್ಲಿ ಅಯ್ಯನವರ ಗಾಡಿಯ ಗೆಜ್ಜೆ ಸದ್ದು ಬೀದಿಯ ತುದಿಯಲ್ಲಿ ಕೇಳಿಸಿತು. ಸಮಾಧಾನಪ್ಪನವರ ಕಣ್ಣ ಮುಂದೆ ಕೀಲಿಯೊಂದು ತೂಗಾಡಿತು.

"ಏನ್ರಿ ಉಪದೇಶಿಗಳ, ಇದೇನ ಗದ್ದಲ? ಹತ್ತಿ ಹಿಂಜೋ ನನ್ನ ಬಿಲ್ಲಿನ ಸಪ್ಪಳ ನನಗ ಕೇಳವಲ್ದು!"

ಹೀಗೆ ಕೂಗುತ್ತ ನೆರೆಮನೆಯ ಪಿಂಜಾರ ಮರ್ದಾನಸಾಬ ಬಾಗಿಲಲ್ಲಿ ನಿಂತಿದ್ದ. ಧೋತರ, ತಲೆಗೆ ರುಮಾಲು, ಮೀಸೆಯ ತುಂಬ ಹಿಂಜಿದ ಹತ್ತಿ. ವಿಷಯ ಕೇಳಿ ಅವನು ಗಹಗಹಿಸಿ ನಕ್ಕ.

"ಇಷ್ಟನ? ಇದು ರಂಜಾನ್ ತಿಂಗಳು. ಹೊತ್ತು ಮುಳುಗೂತನಾ ನಾ ಹನಿ ನೀರ ಸೈತ ಮುಟ್ಟಾಂಗಿಲ್ಲ. ಎಲ್ಲಾರಕಿಂತ ಕೊನಿಗೆ ಉಣ್ಣಾಂವ ನಾನು! ಆತಿಲ್ಲೋ? ಕುಂದರ್ರಿ ಎಲ್ಲಾರೂ!"

ಎರಡೂ ಗೋಡೆಗಳು ಒಮ್ಮೆಲೇ ಸಡಿಲವಾದವು. ಸೋತೆವೆಂಬ ನಾಚಿಕೆಗಿಂತ ಹಸಿವು ದೊಡ್ಡದಾಗಿತ್ತು. ಮರ್ದಾನಸಾಬ ಹೊಳಿಯಮ್ಮನ ಕೈಯಿಂದ ಸವಟು ಇಸಿದುಕೊಂಡು, ಮಕ್ಕಳಿಗೆ ಮೊದಲು, ಮುದುಕರಿಗೆ ಆಮೇಲೆ ಬಡಿಸುತ್ತ ಹೊರಟ. ಮಾರೆಪ್ಪ, ಕಾಳಪ್ಪರನ್ನು ಒಂದೇ ಚಾಪೆಯ ಮೇಲೆ ಒತ್ತಿ ಕೂಡಿಸಿದ. ತುಟಿ ಒಣಗಿದ್ದರೂ ಪ್ರತಿ ಎಲೆಯ ಮುಂದೆ ಬಾಗಿ, "ಇನ್ನೊಂದೀಟು ಹಾಕಸ್ಕೋರಿ," ಎಂದು ಉಪಚರಿಸಿದ.

ಅಯ್ಯನವರು ಹೊಸ್ತಿಲಲ್ಲೇ ನಿಂತು ಇದನ್ನೆಲ್ಲ ನೋಡಿದರು. ಅವರ ಕಣ್ಣು ಒದ್ದೆಯಾಯಿತು.

"ಸಮಾಧಾನಪ್ಪ, ನಾ ಕೊಪ್ಪಳದಾಗ ಹೇಳಿದ ಪಾಠ ಪೂರ್ತಿ ಇಲ್ಲಿ ಕಂಡೆ. ಮುಂದಾಳು ಕೊನಿಗೆ ಉಣ್ಣಬೇಕು, ಅದಕ್ಕೂ ಮೊದಲ ತನ್ನ ಕೈಯಾರೆ ಎಲ್ಲಾರಿಗೂ ಬಡಿಸಬೇಕು. ನಿಮ್ಮ ಹಿರಿಯ ಇವನ. ಬಾರಪ್ಪ, ಪ್ರಾರ್ಥನಾ ಮಾಡ್ತೀನಿ."

ಸಮಾಧಾನಪ್ಪನವರು ಗಡಿಬಿಡಿಯಿಂದ ಅಡ್ಡ ಬಂದರು. ಮರ್ದಾನಸಾಬ ಮಾತ್ರ ವಿನಯದಿಂದ ತಲೆ ಬಾಗಿಸಿದ.

"ದುವಾ ಮಾಡ್ರಿ ಅಯ್ಯಾವ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಮಸೂತಿ ಕಡಿ ಮನಿಶ್ಯಾರಿ, ಪಿಂಜಾರ ಮರ್ದಾನಸಾಬ."

ಅಯ್ಯನವರು ಅವನ ಮೀಸೆಯ ಹತ್ತಿಯನ್ನು ದಿಟ್ಟಿಸಿ, ಹೊಟ್ಟೆ ಹಿಡಿದು ನಕ್ಕರು.

"ಇಂಥ ನೆರೆಯವನಿರೋ ಸಭಾಕ್ಕ ಕೀಲಿ ಹಾಕಿದ್ರ ದೇವರು ನನಗ ಕೀಲಿ ಹಾಕ್ಯಾನು! ಹಿರಿಯನ್ನ ಬರೋ ಸುಗ್ಗಿಗೆ ಆರಿಸೋಣ. ಅಲ್ಲೀತನಾ ಈ ಇಬ್ಬರೂ ಬಡಸೂದು ಕಲೀಲಿ. ಸಮಾಧಾನಪ್ಪ, ಪರಧರ್ಮದಾಂವ ನಿಮ್ಮ ಮಂದಿಗೆ ಉಪವಾಸ ಇದ್ದು ಬಡಸ್ಯಾನ. ಅವನ್ನ ಬಿಟ್ಟು ನೀವು ಹೆಂಗ ಉಣ್ತೀರಿ? ಸಂಜಿಗೆ ಇಬ್ಬರೂ ಕೂಡಿ ಉಣ್ರಿ."

ಹೀಗೆಂದು, ಪ್ರಯಾಣದಿಂದ ದಣಿದಿದ್ದ ಅಯ್ಯನವರು ಮುದುಕರ ಪಂಕ್ತಿಯಲ್ಲಿ ಕುಳಿತು ತೃಪ್ತಿಯಾಗಿ ಉಂಡರು. ಸಮಾಧಾನಪ್ಪನವರು ಗೋಡೆಗೆ ಒರಗಿ, ಸೂರ್ಯನನ್ನು ಬಾಕಿ ತೀರಿಸದ ಸಾಲಗಾರನನ್ನೆಂಬಂತೆ ದಿಟ್ಟಿಸುತ್ತ ಕುಳಿತರು. ಆದರೂ ಮನಸ್ಸು ಮಾತ್ರ ಮರ್ದಾನಸಾಬನ ಎದುರು ಕೈಮುಗಿದಿತ್ತು. ತಮ್ಮ ಇಡೀ ಬೋಧನೆ ಮಾಡದ್ದನ್ನು ಅವನ ಒಂದು ಸವಟು ಮಾಡಿತ್ತು.

ಹೊತ್ತು ಮುಳುಗಿತು. ಮಸೂತಿಯ ಕೂಗು ಕೇಳಿದ್ದೇ ತಡ, ಸಮಾಧಾನಪ್ಪನವರು ಕೊಪ್ಪರಿಗೆಯತ್ತ ಓಡಿದರು. ಅದರ ತಳ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಹುಗ್ಗಿ ಎಲ್ಲೈತಿ ಹೊಳಿಯಮ್ಮಾ?"

"ಮಾರೆಪ್ಪ, ಕಾಳಪ್ಪ ಬಡಸೂದು ಕಲತ್ರಲ್ರಿ! ನಾ ಮುಂದ ನೀ ಮುಂದ ಅಂತ ಸವಟಿಗೆ ಜಗ್ಗಾಡಿ, ಬೀದ್ಯಾಗ ಹೋಗೋ ಗಾಡಿಯಾವ್ರನ್ನೆಲ್ಲಾ ಕರದು ಬಡಿಸಿಬಿಟ್ರು."

ಮರ್ದಾನಸಾಬ ಕಟ್ಟೆಯ ಮೇಲೆ ಕುಳಿತು, ಮಡದಿ ಹಸನಬೀ ಕಳಿಸಿದ ಖರ್ಜೂರದಲ್ಲಿ ಅರ್ಧ ಮುರಿದು ಉಪದೇಶಿಗಳ ಕೈಗಿಟ್ಟ.

"ತಗೋರಿ. ಹೆಂಗೂ ಉಪವಾಸ ರೂಢಿ ಆತು. ನಾಳಿ ನಸಿಕಲೆ ರೋಜಾ ಹಿಡಿಯಾಕ ನಿಮ್ಮನ್ನೂ ಎಬ್ಬಸ್ಲೇನು?"