ಬಾಸಿನ ಗಂಟಲಲ್ಲಿ ನನ್ನ ಬಂಗುಡೆ

ಬೇರೆ ಯಾವ ವಿಷಯದಲ್ಲಾದರೂ ನನ್ನನ್ನು ಅನುಮಾನಿಸಿ, ಮೀನಿನ ವಿಷಯಕ್ಕೆ ಮಾತ್ರ ಬರಬೇಡಿ. ನಾನು ಮಲ್ಪೆಯವನು! ಈ ಧೈರ್ಯದಿಂದಲೇ ನಮ್ಮ ಬ್ರಿಟಿಷ್ ಬಾಸ್ ಪೀಟರ್ ಅವರನ್ನು ಇಲ್ಲಿ ಗಲ್ಫಿನ ಅಲ್ ನಹ್ದಾದ ನಮ್ಮ ಫ್ಲಾಟಿಗೆ ಊಟಕ್ಕೆ ಕರೆದೆ. ನಾದಿನಿಯ ಮದುವೆಗೆ ರಜೆ ಬೇಕಿತ್ತು. ಕೇಳಿದಾಗಲೆಲ್ಲ ಅವರು ‘ನೋಡೋಣ’ ಎನ್ನುತ್ತಿದ್ದರು.

ಅವರಿಗೆ ಫಿಶ್ ಅಂಡ್ ಚಿಪ್ಸ್ ಎಂದರೆ ಪ್ರಾಣ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ, ಮೇಲೆ ಉಪ್ಪು, ವಿನೆಗರ್. ಅವರ ಬಾಲ್ಯದಲ್ಲಿ ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರಂತೆ. ಇಷ್ಟೇ ತಾನೆ!

ಮೀನಿನ ಅಂಗಡಿಯವನು ಮುಳ್ಳು ತೆಗೆದ ಬಿಳಿ ತುಂಡು ತೋರಿಸಿದ. ಮುಳ್ಳಿಲ್ಲದ್ದೂ ಒಂದು ಮೀನೇ? ತಲೆ ಸಮೇತ ಬಂಗುಡೆ ತಂದೆ.

“ಅಲ್ಲ ಮಾರಾಯ್ರೆ, ಅವರಿಗೆ ಮುಳ್ಳು ಬಿಡಿಸಿ ತಿಂದು ಅಭ್ಯಾಸ ಉಂಟಾ?” ಎಂದಳು ಹೆಂಡತಿ ಸುಜಾತ.

“ನೀನು ಸುಮ್ಮನೆ ಕೂತ್ಕೊ. ಇವತ್ತು ಅಡುಗೆಮನೆ ನಂದು.”

ಮಸಾಲೆ ಹಚ್ಚದೆ ಕೈ ಕೇಳಲಿಲ್ಲ. ಮೈದಾ ಮುಗಿದಿತ್ತು, ಕಡಲೆಹಿಟ್ಟು ಕಲಸಿದೆ.

“ಇದು ಪೋಡಿ ಅಲ್ವಾ?” ಸುಜಾತ ಇಣುಕಿದಳು. ಪೋಡಿ ಎಂದರೆ ನಮ್ಮ ಕಡೆ ಬಜ್ಜಿ. ನಾನು ಬಂಗುಡೆಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟೆ.

ಆಲೂಗಡ್ಡೆಯ ಮೇಲೆ ವಿನೆಗರ್ ಧಾರಾಳವಾಗಿ ಸುರಿದೆ. ಅದು ಮೆತ್ತಗಾಗಿ ಮಲಗಿತು. ಸಂಪ್ರದಾಯಕ್ಕೆ ಚ್ಯುತಿ ಬರಬಾರದೆಂದು ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಊಟಕ್ಕೆ ಬಂದು ಕೂತಿದ್ದ ಪೀಟರ್ ಅವರ ಕೈಗಿಟ್ಟೆ. ಬಿಚ್ಚಿದರೆ ಬಂಗುಡೆಯ ಹೊಟ್ಟೆಯ ಮೇಲೆ ‘ಬೆಡ್ ಸ್ಪೇಸ್’, ಅಂದರೆ ಒಂದು ಮಂಚದ ಜಾಗ ಬಾಡಿಗೆಗಿದೆ ಎಂಬ ಜಾಹೀರಾತು ಅಚ್ಚಾಗಿತ್ತು!

ಪಾಪ, ಮನುಷ್ಯ ಮರ್ಯಾದಸ್ಥ. ಅದನ್ನು ಕೆರೆದು ದೊಡ್ಡ ತುತ್ತನ್ನೇ ಬಾಯಿಗಿಟ್ಟರು. ಕಣ್ಣಲ್ಲಿ ನೀರು ತುಂಬಿತು. ಅವರಿಗೆ ಊರಿನ ನೆನಪು ಬಂತು, ಇದೇ ಸಮಯ ಎಂದುಕೊಂಡೆ.

“ಸಾರ್, ಆ ನನ್ನ ರಜೆ...”

ಅವರು ಗಂಟಲು ಹಿಡಿದುಕೊಂಡು ಕೈ ಬೀಸಿದರು.

“ರಜೆ ಅಂತೆ ರಜೆ! ಮುಳ್ಳು ಸಿಕ್ಕಿದೆ ಮಾರಾಯ್ರೆ!” ಸುಜಾತ ಕುಚ್ಚಲಕ್ಕಿ ಅನ್ನದ ಉಂಡೆ ಕಟ್ಟಿಕೊಂಡು ಓಡಿ ಬಂದಳು. “ಸಾರ್, ನೋ ಚೂಯಿಂಗ್! ಓನ್ಲಿ ನುಂಗಿ!”

ಉಂಡೆಯ ಮೇಲೆ ಉಂಡೆ ನುಂಗಿದ ಮೇಲೆ ಮುಳ್ಳು ಇಳಿಯಿತು. ಬಾಸ್ ನನ್ನತ್ತ ನೋಡದೆ ಸುಜಾತಳಿಗೆ ಕೈ ಮುಗಿದು ಹೊರಟರು.

ಮರುದಿನವೇ ರಜೆ ಮಂಜೂರಾಯಿತು. ನನಗಲ್ಲ, ಅವರಿಗೆ! ಗಂಟಲು ಊದಿತ್ತು. ಅವರ ಕೆಲಸವೂ ನನ್ನ ತಲೆಗೇ ಬಂತು.

ಸುಜಾತ ಒಬ್ಬಳೇ ಊರಿಗೆ ಹೋದಳು. ಮದುವೆಯ ಮರುದಿನದ ಮೀನೂಟದ ಫೋಟೊ ನಿನ್ನೆ ಆಫೀಸಿನಲ್ಲಿದ್ದಾಗ ಬಂತು. ಕೆಳಗೆ ಒಂದೇ ಸಾಲು: “ಮುಳ್ಳು ತೆಗ್ದು ತಿಂದೆ.”

ನಾನು ಇಲ್ಲಿನ ಒಣ ಖುಬೂಸ್ ರೊಟ್ಟಿ ಅಗಿಯುತ್ತಿದ್ದೆ. ಅದರಲ್ಲಿ ಮುಳ್ಳಿಲ್ಲ.