ಇಂಗದ ನೀರು

ಆಸ್ಪತ್ರೆಯಿಂದ ಅಮ್ಮನನ್ನು ಮನೆಗೆ ಕರೆತರಬೇಕಾದ ದಿನವೇ ಬಚ್ಚಲಿನ ನೀರು ಮುಷ್ಕರ ಹೂಡಿತು. ಕನ್ನಡಕದಂಗಡಿಯವನು ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದ. ಕಣ್ಣು ಬಿಡುವಷ್ಟರಲ್ಲಿ ನೀರು ಕಣಕಾಲಿಗೆ ಬಂದಿತ್ತು. ತಾನು ಮೈಮೇಲೆ ಸುರಿದುಕೊಂಡಿದ್ದಕ್ಕಿಂತ ಕಾಲ ಕೆಳಗೆ ನಿಂತದ್ದೇ ಹೆಚ್ಚೇನೋ ಎಂದು ಅವನಿಗೆ ಅನ್ನಿಸಿತು.

"ರೀ, ಅಡುಗೆಮನೆ ಸಿಂಕೂ ತುಂಬ್ಕೊಂಡಿದೆ," ಎಂದಳು ಹೆಂಡತಿ ಬಾಗಿಲ ಆಚೆಯಿಂದ. "ಹಿತ್ತಲಿಗೆ ಹೋಗಿ ನೋಡಿ. ಚಪ್ಪಲಿ ಹಾಕ್ಕೊಂಡು ಹೋಗ್ಬೇಡಿ, ನಂದೊಂದು ಆಗ್ಲೇ ಅಲ್ಲಿ ಮುಳುಗಿದೆ."

ಅವರ ಬೀದಿಗೆ ಒಳಚರಂಡಿ ಬಂದಿರಲಿಲ್ಲ. ಮನೆಯ ಹಿಂದೆ ಸೆಪ್ಟಿಕ್ ಟ್ಯಾಂಕು. ಅದರಿಂದ ಹೊರಟ ನೀರು ಒಂದು ಸಣ್ಣ ಚೇಂಬರಿಗೆ ಬಂದು, ಅಲ್ಲಿಂದ ಜಲ್ಲಿಯ ಮೇಲೆ ಮಲಗಿಸಿದ ತೂತಿನ ಪೈಪುಗಳಲ್ಲಿ ಹರಡಿಕೊಂಡು, ಸದ್ದಿಲ್ಲದೆ ಮಣ್ಣಿಗೆ ಇಂಗಬೇಕು. ಇದೆಲ್ಲ ಅಪ್ಪ ಮಾಡಿಸಿಟ್ಟು ಹೋದ ಏರ್ಪಾಡು. ಅಪ್ಪ ಹೋದ ಮೇಲೂ ಅದು ತನ್ನ ಪಾಡಿಗೆ ತಾನು ದುಡಿದುಕೊಂಡೇ ಇತ್ತು. ಈಗ ನೋಡಿದರೆ ಹಿತ್ತಲಿನ ಹುಲ್ಲು ಒಂದೆಡೆ ಅನುಮಾನ ಬರುವಷ್ಟು ಹಸಿರಾಗಿತ್ತು. ಕಾಲಿಟ್ಟರೆ ನೆಲ ನೆನೆದ ಹಾಸಿಗೆಯ ಹಾಗೆ ಕುಸಿಯಿತು. ಮೇಲೆ ಮೋಡ, ಕೆಳಗೆ ಕೆಸರು, ಎರಡರ ನಡುವೆ ವಾಸನೆ.

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಆಸ್ಪತ್ರೆಯಲ್ಲಿ ನರ್ಸಮ್ಮ ದಿನವೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದಳು. ಅಮ್ಮನಿಗೆ ಇದ್ದದ್ದು ಒಂದೇ ಆಸೆ. "ನನ್ನ ಬಚ್ಚಲಲ್ಲಿ ಕೂತು ತಲೆ ಮೇಲೆ ನೀರು ಹುಯ್ಕೋಬೇಕು ಕಣೋ. ಆಮೇಲೆ ಏನ್ ಬೇಕಾದ್ರೂ ಆಗ್ಲಿ." ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ಜೀವ ತುಂಬ ಇಳಿದಿದೆ, ಕೇಳಿದ್ದನ್ನು ಇಲ್ಲ ಅನ್ನಬೇಡಿ ಎಂದಿದ್ದರು. ಅವನು ಮಾತು ಕೊಟ್ಟು ಬಂದಿದ್ದ.

ಕೆಸರಿನಲ್ಲಿ ನಿಂತು ಅವನು ಇದನ್ನೇ ಯೋಚಿಸುತ್ತಿದ್ದಾಗ ಗೋಡೆಯ ಮೇಲೆ ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರ ತಲೆ ಮೂಡಿತು. ಬದುಕೆಲ್ಲ ಬಸ್ಸಿನಲ್ಲಿ ಕಳೆದವರು. ನಾಲ್ಕು ಜನ ನಿಂತ ಜಾಗವೆಲ್ಲ ಅವರಿಗೆ ಬಸ್ಸಿನಂತೆಯೇ ಕಾಣುತ್ತಿತ್ತು.

"ಏನಯ್ಯ, ನಿಮ್ಮನೆ ವಾಸನೆ ನಮ್ಮನೇಗೆ ಹತ್ಕೊಂಡು ಸೀಟು ಹಿಡಿದು ಕೂತಿದೆ. ಮಗಳು ಬಾಣಂತಿ, ಅವಳಿ ಕೂಸುಗಳು ಬೇರೆ. ಇಳಿಸೋದು ಯಾವಾಗ?"

"ಇವತ್ತೇ ಸರಿ ಮಾಡಿಸ್ತೀನಿ ಮಾವ. ಸಂಜೆ ಅಮ್ಮ ಬರ್ತಾಳೆ."

"ಮೊದ್ಲು ಟ್ಯಾಂಕು ಖಾಲಿ ಮಾಡ್ಸು. ತಡಿ, ನಾನೇ ಬರ್ತೀನಿ. ನಿನ್ನ ಕೈಲಿ ಆಗೋ ಕೆಲ್ಸ ಅಲ್ಲ ಇದು."

ಬಂದವರು ಒಬ್ಬರೇ ಬರಲಿಲ್ಲ. ಎದುರುಮನೆಯ ಅಕ್ಕನೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು. ವಾಸನೆ ತಡೆಯಲಾಗುತ್ತಿಲ್ಲವೆಂದು ಹೇಳುತ್ತಲೇ ಸಂಜೆಯವರೆಗೆ ಅಲ್ಲಿಂದ ಕದಲಲಿಲ್ಲ.

ಹಿತ್ತಲಿಗೆ ಬೇರೆ ದಾರಿಯಿರಲಿಲ್ಲ. ಟ್ಯಾಂಕು ಖಾಲಿ ಮಾಡಲು ಕರೆಸಿದ ಟ್ಯಾಂಕರಿನ ದಪ್ಪ ಪೈಪನ್ನು ಬೀದಿಯಿಂದ ನಡುಮನೆಯೊಳಗೇ ಹಾಯಿಸಬೇಕಾಯಿತು. ನಡುಮನೆಯಲ್ಲಿ ಅಮ್ಮನಿಗಾಗಿ ಹೊಸ ಮಂಚ, ಒಗೆದ ಹೊದಿಕೆ, ತಲೆದಿಂಬು ಸಿದ್ಧವಾಗಿದ್ದವು. ಕಂಡಕ್ಟರು ಮಂಚದ ಪಕ್ಕ ನಿಂತು "ಹೋಗ್ಲಿ, ಹೋಗ್ಲಿ, ಮುಂದೆ ಹೋಗ್ಲಿ" ಎಂದು ಕೈ ಬೀಸುತ್ತಿದ್ದರು. ಪೈಪು ಮಂಚದ ಬಳಿ ಬಂದಾಗ ಅಜಗರದ ಹಾಗೆ ಒಮ್ಮೆ ಹೊರಳಿ, ಹೊದಿಕೆಯ ಮೇಲೆ ಒಂದಿಷ್ಟು ಕಕ್ಕಿಕೊಂಡು ಮುಂದೆ ಹೋಯಿತು. ಹೆಂಡತಿ ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋದಳು. ಅವಳು ಮಾತಾಡದಿದ್ದಾಗಲೇ ಅವನಿಗೆ ಹೆಚ್ಚು ಭಯ.

ಟ್ಯಾಂಕು ಖಾಲಿಯಾಯಿತು. ಖಾಲಿಯಾದ ಟ್ಯಾಂಕಿಗೆ ಹಿತ್ತಲಿನ ಕಡೆಯಿಂದ ನೀರು ವಾಪಸ್ಸು ಸುರಿಯತೊಡಗಿತು. ಆ ಹೊತ್ತಿಗೆ ಬಂದಿದ್ದ ಪ್ಲಂಬರು ಬಗ್ಗಿ ನೋಡಿ, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ಮುಖ ನೋಡಿದವರಿಗೆ ಆಸ್ಪತ್ರೆಯ ಡಾಕ್ಟರೇ ಎಷ್ಟೋ ಗೆಲುವಾಗಿದ್ದರು ಅನ್ನಿಸಬೇಕು.

"ಟ್ಯಾಂಕು ಚೆನ್ನಾಗಿದೆ ಸಾರ್. ನೆಲ ನೀರು ಕುಡೀತಿಲ್ಲ. ಬಾಯಿಗೆ ಹಾಕಿದ್ದೆಲ್ಲ ವಾಪಸ್ ಬರ್ತಿದೆ."

"ಉಳಿಯುತ್ತಾ?" ಎಂದು ಕೇಳಿಬಿಟ್ಟ ಕನ್ನಡಕದವನು.

"ತೆಗೆದು ನೋಡ್ಬೇಕು. ಮನೆಯವರಿಗೆ ಒಂದು ಮಾತು ಹೇಳಿರಿ."

"ಬೇರು," ಎಂದರು ಕಂಡಕ್ಟರು. "ಆ ನಿಂಬೆಗಿಡದ ಬೇರು ಪೈಪಿಗೆ ನುಗ್ಗಿದೆ. ನಮ್ಮ ಡಿಪೋಲೂ ಹಿಂಗೇ ಆಗಿತ್ತು. ಕಡಿಸು."

"ಹೌದು ಹೌದು, ನಾನೂ ಮೊಬೈಲಲ್ಲಿ ನೋಡಿದೀನಿ," ಎಂದರು ಎದುರುಮನೆ ಅಕ್ಕ.

ನಿಂಬೆಗಿಡ ಅಮ್ಮ ನೆಟ್ಟಿದ್ದು. ಕನ್ನಡಕದವನು ಬೇಡ ಅನ್ನಲು ಬಾಯಿ ತೆರೆದ. ಆದರೆ ಅಂಗಡಿಯಲ್ಲಿ ಗಿರಾಕಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಅಭ್ಯಾಸವಾಗಿದ್ದ ಅವನ ಕತ್ತು ಬಾಯಿಗಿಂತ ಮೊದಲೇ ಹೂಂ ಅಂದುಬಿಟ್ಟಿತು. ಗಿಡ ಉರುಳಿತು. ಅಗೆದು ನೋಡಿದರೆ ಬೇರುಗಳು ಪೈಪಿನ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಪಾಪ, ಗೋಡೆಯ ಕಡೆಗೆ ಮುದುಡಿಕೊಂಡಿದ್ದವು.

"ಬೇರಲ್ಲ ಹಂಗಾದ್ರೆ," ಎಂದರು ಕಂಡಕ್ಟರು, ಯಾರೋ ತಪ್ಪು ಬಸ್ಸು ಹತ್ತಿದಷ್ಟೇ ಹಗುರವಾಗಿ.

ಮಧ್ಯಾಹ್ನ ಕಳೆಯುವಾಗ ಪ್ಲಂಬರು ಚೇಂಬರಿನ ಕಲ್ಲು ಎತ್ತಿಸಿದ. ಒಳಗೆ ಜಿಡ್ಡು ಮೇಣದಂತೆ ಕಟ್ಟಿ, ಪೈಪುಗಳ ಬಾಯಿ ಮುಚ್ಚಿತ್ತು. ಅವನು ಅದನ್ನು ಕೆರೆದು ತೆಗೆದು, "ಇನ್ನು ಮನೇಲಿ ಯಾರೂ ಒಂದು ಹನಿ ನೀರು ಬಿಡಬೇಡಿ, ನೋಡೋಣ," ಎಂದ. ಮನೆಯ ನಲ್ಲಿಗಳೆಲ್ಲ ಮುಚ್ಚಿದವು. ಚೇಂಬರಿಗೆ ಮಾತ್ರ ನೊರೆನೀರು ಬರುತ್ತಲೇ ಇತ್ತು.

"ಒಳಗೆ ನಲ್ಲಿ ಬಿಟ್ಟಿದೀಯೇನೇ?" ಕನ್ನಡಕದವನು ಕೂಗಿದ.

"ನಾನು ಇಲ್ಲೇ ನಿಮ್ಮ ಬೆನ್ನ ಹಿಂದೆ ನಿಂತಿದೀನಿ," ಎಂದಳು ಹೆಂಡತಿ.

ನೊರೆಯ ಜಾಡು ಹಿಡಿದು ಪ್ಲಂಬರು ಚೇಂಬರಿನ ಪಕ್ಕದ ಮಣ್ಣು ಸರಿಸಿದ. ಒಂದು ಹಳೆಯ ಪೈಪು ಕಾಣಿಸಿತು. ಅದು ಮನೆಯ ಕಡೆಯಿಂದ ಬಂದದ್ದಲ್ಲ. ಗೋಡೆಯ ಅಡಿಯಿಂದ, ಕಂಡಕ್ಟರ ಮನೆಯ ಕಡೆಯಿಂದ ಬಂದಿತ್ತು.

ಎಲ್ಲರೂ ಕಂಡಕ್ಟರ ಮುಖ ನೋಡಿದರು. "ಪೈಪಿನ ಮೇಲೆ ನಮ್ಮ ಹೆಸರು ಬರೆದಿದೆಯೇನಯ್ಯ?" ಎಂದರು ಅವರು.

ಪ್ಲಂಬರು ಗೋಡೆಯಾಚೆ ಕಂಡಕ್ಟರ ಮಗಳಿಗೆ, "ಅಮ್ಮಾ, ನಿಮ್ಮ ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರೀರಿ," ಎಂದು ಕೂಗಿ ಹೇಳಿದ. ಸ್ವಲ್ಪ ಹೊತ್ತಿನಲ್ಲಿ ನೀರು ಭರ್ರನೆ ಬಂತು. ಅದರ ಹಿಂದೆಯೇ ತೇಲಿಕೊಂಡು ಒಂದು ಕೂಸಿನ ಕಾಲುಚೀಲ ಬಂತು.

ಕಂಡಕ್ಟರು ಅದನ್ನು ಎತ್ತಿ ಹಿಂಡಿ ಜೇಬಿಗೆ ಹಾಕಿಕೊಂಡರು. "ನಂಗೆ ಗೊತ್ತಿರ್ಲಿಲ್ಲ ಕಣಯ್ಯ," ಎಂದರು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕನ್ನಡಕದವನು ಅವತ್ತು ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ಅವನ ಹಿತ್ತಲಿನಂತೆಯೇ ಉಕ್ಕಿ ಬಂತು. "ಅವಳಿ ಕೂಸುಗಳ ಬಟ್ಟೆ ಒಗೆದ ನೀರೆಲ್ಲ ನನ್ನ ಹಿತ್ತಲಿಗೆ ಇಳಿಸಿ, ನನಗೇ ಬುದ್ಧಿ ಹೇಳ್ತಾ ಇದ್ರಾ ಮಾವ? ಅಮ್ಮನ ಗಿಡ ಕಡಿಸಿದ್ರಿ. ಹಾಸಿಗೆ ಹೊಲಸು ಮಾಡಿಸಿದ್ರಿ. ಈ ಪೈಪು ಈಗ್ಲೇ ಮುಚ್ಚಿಸ್ತೀನಿ."

"ಮುಚ್ಚು, ಮುಚ್ಚು," ಎಂದರು ಕಂಡಕ್ಟರು. "ನಾನೂ ನೋಡ್ತೀನಿ, ನಮ್ಮನೆಯಿಂದ ಇನ್ನೇನೇನು ನಿಮ್ಮನೆಗೆ ಹೋಗ್ತಿದೆ ಅಂತ."

ಗುದ್ದಲಿ ಹಿಡಿದು ಅವರು ತಮ್ಮ ಮನೆಗೆ ನಡೆದರು. ಪ್ಲಂಬರು ಪೈಪಿಗೆ ಮುಚ್ಚಳ ಜಡಿದು, ಗೋಂದು ಹಚ್ಚಿ, "ಇದು ಇನ್ನು ಅಲ್ಲಾಡಲ್ಲ," ಎಂದ. ಮಹಡಿಯ ಮೇಲಿದ್ದ ಟ್ಯಾಂಕಿನ ನೀರನ್ನೆಲ್ಲ ಬಿಟ್ಟು ತೂತಿನ ಪೈಪುಗಳನ್ನು ತೊಳೆದ. ಒಂದು ಪಕ್ಕಕ್ಕೆ ವಾಲಿದ್ದ ಚೇಂಬರನ್ನು ಸಮಕ್ಕೆ ಕೂರಿಸಿದ. ಕೊನೆಯ ಬಕೆಟ್ಟು ನೀರು ಎಲ್ಲರ ಕಣ್ಣೆದುರೇ ಸರಸರನೆ ಹರಿದು ಮಣ್ಣಿನಲ್ಲಿ ಮಾಯವಾಯಿತು. ಪ್ಲಂಬರು ಟೋಪಿ ಮತ್ತೆ ತಲೆಗೇರಿಸಿ ಹೊರಟ.

ಸಂಜೆ ಆಂಬುಲೆನ್ಸು ಬಂತು. ಅಮ್ಮ ಹೋದಾಗಿನ ಅರ್ಧದಷ್ಟಾಗಿದ್ದಳು. ಕಿಟಕಿಯಾಚೆ ನೋಡಿ, "ಹಿತ್ತಲಲ್ಲಿ ಬೆಳಕು ಜಾಸ್ತಿಯಾಗಿದೆಯಲ್ಲೋ," ಎಂದಳು.

"ಮೋಡ ಸರಿದಿದೆ ಅಮ್ಮ," ಎಂದ ಅವನು. ಸರಿದಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಹಿಡಿದು ಅವಳನ್ನು ಬಚ್ಚಲಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಅಮ್ಮ ಹೆಗಲ ಮೇಲೆ ಟವೆಲು ಹಾಕಿಕೊಂಡು, ಜಡೆ ಬಿಚ್ಚಿ, ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡಳು. ಹೆಂಡತಿ ನಲ್ಲಿ ತಿರುಗಿಸಿದಳು. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಮೇಲಿನ ಟ್ಯಾಂಕು ತುಂಬೇ ಇಲ್ಲ," ಎಂದಳು.

"ತುಂಬಬೇಕಿತ್ತಲ್ಲ. ದಿನಾ ತಾನಾಗೇ ತುಂಬ್ತಿತ್ತು."

"ತಾನಾಗೇ ಎಲ್ಲಿ ತುಂಬುತ್ತೋ," ಎಂದಳು ಅಮ್ಮ ಕಣ್ಣು ಮುಚ್ಚಿಕೊಂಡೇ. "ಕಂಡಕ್ಟರ ಮನೆ ಬಾವಿಯಿಂದ ಬರೋದು. ನಿಮ್ಮಪ್ಪ, ಅವರಪ್ಪ ಮಾಡ್ಕೊಂಡಿದ್ದ ಒಪ್ಪಂದ ಅದು. ಅವರು ನಮಗೆ ನೀರು ಕೊಡೋದು, ಅವರ ಬಚ್ಚಲ ನೀರು ನಾವು ತಗೊಳ್ಳೋದು. ನೀನಾಗ ಚಡ್ಡೀಲಿ ಗೋಲಿ ಆಡ್ತಿದ್ದೆ. ಕಂಡಕ್ಟರು ದೂರದ ರೂಟಲ್ಲಿದ್ರು."

ಅವನು ಬಾಯಿ ತೆರೆದವನು ಮುಚ್ಚಲು ಮರೆತ. "ನಂಗೆ ಯಾಕಮ್ಮ ಹೇಳ್ಲಿಲ್ಲ?"

"ನೀರು ಬರ್ತಿರೋವಾಗ ಯಾರು ಕೇಳ್ತಾರೆ?"

ಅವನು ಹಿತ್ತಲಿಗೆ ಓಡಿದ. ಗೋಡೆಯಾಚೆ ಕಂಡಕ್ಟರು, ತಾವು ಅಗೆದು ಇವನ ಮನೆಗೆ ಹೋಗುವ ಪೈಪಿನ ವಾಲ್ವು ಮುಚ್ಚಿದ ಗುಂಡಿಯ ಪಕ್ಕ, ಪಂಪಿನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಬಚ್ಚಲು ತುಂಬಿ ಅಂಗಳಕ್ಕೆ ಬರುತ್ತಿತ್ತು. ಒಳಗೆ ಎರಡು ಕೂಸುಗಳೂ ಒಟ್ಟಿಗೆ ಅಳುತ್ತಿದ್ದವು.

"ಮಾವ, ಅಮ್ಮ ಬಚ್ಚಲಲ್ಲಿ ಕೂತಿದಾಳೆ. ನೀರು ಬಿಡಿ."

"ಬಿಡ್ತೀನಿ. ಮೊದ್ಲು ನೀನು ಮುಚ್ಚಳ ತೆಗಿ."

"ನೀವು ಬಿಟ್ಟ ತಕ್ಷಣ ತೆಗೀತೀನಿ."

"ನೀನು ತೆಗೆದ ತಕ್ಷಣ ಬಿಡ್ತೀನಿ."

ಇಬ್ಬರೂ ಗೋಡೆಯ ಆಚೆ ಈಚೆ ಕೂತರು. ಒಳಗಿಂದ ಅಮ್ಮ ಒಂದು ಸಲ ಕೆಮ್ಮಿದಳು. ಕನ್ನಡಕದವನು ಎದ್ದು, ಗರಗಸ ತಂದು, ಗುಂಡಿಗಿಳಿದ. ಗೋಂದು ಕಲ್ಲಾಗಿತ್ತು. ಮುಚ್ಚಳದ ಹಿಂದೆ, ಮಧ್ಯಾಹ್ನದಿಂದ ಒಂದು ಬಾಣಂತಿಯ ಮನೆಯ ನೀರೆಲ್ಲ ದಾರಿ ಕಾಯುತ್ತಾ ನಿಂತಿದೆಯೆಂಬುದು ಅವನ ತಲೆಗೆ ಹೊಳೆಯಲಿಲ್ಲ. ಪೈಪಿಗೆ ಮುಖ ಹತ್ತಿರ ಹಿಡಿದು, ಕೊನೆಯ ಎಳೆಯನ್ನು ಕುಯ್ದ.

ಮುಚ್ಚಳ ಹಾರಿತು. ಮಿಕ್ಕದ್ದೆಲ್ಲ ಅವನ ಮೇಲೆ, ಪಾದದಿಂದ ಕನ್ನಡಕದವರೆಗೆ, ಒಂದೇ ಉಸಿರಿಗೆ ಬಂದು ಬಿತ್ತು.

"ನೀರು ಬಂತೇನೋ?" ಎಂದು ಅಮ್ಮ ಬಚ್ಚಲಿಂದ ಕೇಳಿದಳು.

ಅವನು ಬಾಯಿಗೆ ಬಂದದ್ದನ್ನು ಉಗಿದು, ನಿಧಾನವಾಗಿ ಹೇಳಿದ:

"ಬಂತಮ್ಮ."