ಬಾಗಿಲ ಮೇಲಿನ ‘ಪ್ರ.’

ನನ್ನ ಹೆಂಡತಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ನನಗೋ, ಬಿಡಿಸಿ ಹೇಳಿದರೆ ಮಾನ ಉಳಿಯುವುದಿಲ್ಲ. ನಮ್ಮ ಮನೆಯ ಸಕಲ ರಗಳೆಗೂ ಇದೇ ಮೂಲ.

ನಮ್ಮ ಹಾಸಿಗೆ ಕಾರ್ಖಾನೆಯ ವ್ಯವಸ್ಥಾಪಕರು ಅಕ್ಕನ ಮಗಳ ಮದುವೆಗೆಂದು ರಜೆ ಹಾಕಿದರು. ಅವರು ಬರುವವರೆಗೆ ಅವರ ಕುರ್ಚಿ ಕಾಯುವ ಪ್ರಭಾರ ನನ್ನ ಪಾಲಿಗೆ ಬಂತು. ಅಂದೇ ಸಂಜೆ ‘ಪ್ರ. ವ್ಯವಸ್ಥಾಪಕರು’ ಎಂದು ಬೋರ್ಡು ಬರೆಸಿ ಮನೆಯ ಬಾಗಿಲಿಗೆ ಬಡಿದೆ.

“ಏನ್ರೀ ಇದು, ಪ್ರ ಚುಕ್ಕೆ?” ಎಂದಳು ಹೆಂಡತಿ.

“ಅದು ಮಹಾಮಹಿಮ ಅಕ್ಷರ ಕಣೇ! ಪರೀಕ್ಷೇಲಿ ಬಂದ್ರೆ ಪ್ರಶ್ನೆ, ದರ್ಜೆ ಮುಂದೆ ಬಂದ್ರೆ ಪ್ರಥಮ. ಗತಿಗೆ ಅಂಟ್ಕೊಂಡ್ರೆ ಪ್ರಗತಿ, ಕೋಪಕ್ಕೆ ಅಂಟ್ಕೊಂಡ್ರೆ ಪ್ರಕೋಪ...”

“ಅದು ನನಗೆ ಅಂಟ್ಕೊಳ್ಳೋ ಮುಂಚೆ ಹೇಳಿಬಿಡಿ. ನಿಮ್ಮದ್ಯಾವುದು? ಪ್ರಧಾನಾನಾ?”

ನಾನು ಮುಗುಳ್ನಕ್ಕೆ. (ನಕ್ಕರೆ ಸುಳ್ಳು ಹೇಳಿದ ಹಾಗಾಗುತ್ತದೆಯೇ? ತಾವೇ ಹೇಳಿ.)

ಅಷ್ಟೇ ಸಾಕಾಯಿತು. ಪೇಪರು ಮೊದಲು ನನ್ನ ಕೈಗೆ ಬಂತು. ಸ್ನಾನಕ್ಕೆ ಬಿಸಿನೀರು ಕೇಳುವ ಮುಂಚೆಯೇ ಸಿದ್ಧವಿತ್ತು. ಮದುವೆಯಾದಂದಿನಿಂದ ಕಾಣದ ಈ ರಾಜಮರ್ಯಾದೆ ಹೀಗೇ ಉಳಿದರೆ ಸಾಕಪ್ಪಾ ಎಂದುಕೊಂಡೆ. ಅಷ್ಟರಲ್ಲಿ ಸುದ್ದಿ ಫೋನಿನಲ್ಲಿ ತವರಿಗೆ ಮುಟ್ಟಿ, ಅಳಿಯನ ವೈಭವ ಕಣ್ಣಾರೆ ನೋಡಲು ಅತ್ತೆ ಪೆಟ್ಟಿಗೆ ಸಮೇತ ಬಂದಿಳಿದರು.

ನಮ್ಮ ಕಾರ್ಖಾನೆಯಲ್ಲೊಂದು ಪದ್ಧತಿ. ವ್ಯವಸ್ಥಾಪಕರು ಖುದ್ದಾಗಿ ಮಲಗಿ ಹೊರಳಾಡಿ ನೋಡದೆ ಯಾವ ಹಾಸಿಗೆಯೂ ಗೋದಾಮು ಬಿಡುವಂತಿಲ್ಲ. ಮರುದಿನ ಮಧ್ಯಾಹ್ನ ಊಟ ಮುಗಿಸಿ, ಕರ್ತವ್ಯನಿಷ್ಠೆಯಿಂದ ಒಂದು ಸ್ಪ್ರಿಂಗ್ ಹಾಸಿಗೆಯ ಮೇಲೆ ಪವಡಿಸಿದೆ. ಎಡಕ್ಕೆ ಹೊರಳಿದ್ದು ನೆನಪಿದೆ. ಬಲಕ್ಕೆ ಹೊರಳಿದ್ದು ನೆನಪಿಲ್ಲ.

ಕಣ್ಣು ಬಿಟ್ಟರೆ ಹೆಂಡತಿ ನಿಂತಿದ್ದಾಳೆ. ಪಕ್ಕದಲ್ಲಿ ನನ್ನ ಆಫೀಸು ನೋಡಲು ಬಂದ ಅತ್ತೆ. ಅವರ ಪಕ್ಕದಲ್ಲಿ, ಅಯ್ಯೋ ನನ್ನ ಕರ್ಮವೇ, ರಜೆ ಮುಗಿಯುವ ಮುನ್ನವೇ ಹಿಂದಿರುಗಿದ ವ್ಯವಸ್ಥಾಪಕರು!

“ನೀವು ನಮ್ಮ ಅಳಿಯಂದಿರ ಕೈಕೆಳಗೆ ಇರೋರಾ?” ಎಂದು ಅತ್ತೆ ಅವರನ್ನೇ ವಿಚಾರಿಸುತ್ತಿದ್ದರು.

“ನಾನು ಇಲ್ಲಿ ವ್ಯವಸ್ಥಾಪಕ ಕಣಮ್ಮಾ. ಬರೋವರೆಗೆ ಇವರಿಗೆ ಪ್ರಭಾರ ಕೊಟ್ಟಿದ್ದೆ. ಆ ಭಾರಾನೆಲ್ಲ ಇವರು ಹಾಸಿಗೆ ಮೇಲೆ ಹಾಕಿದಾರೆ.”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತಾಯಿ ಮಗಳ ಹಿಂದೆ ಹಿಂದೆಯೇ ಮನೆಗೆ ನಡೆದೆ. ಮನೆ ಸೇರಿದವನೇ ಬೋರ್ಡು ಕೀಳಲು ಸುತ್ತಿಗೆ ತಂದೆ.

“ಮುಟ್ಟೀರಿ ಜೋಕೆ!” ಹೆಂಡತಿ ಅಡ್ಡ ನಿಂತಳು. “ಬೀದಿಯವರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?”

“ನಿಮ್ಮ ಮರ್ಯಾದೆ ಹಾಳಾಗ್ಲಿ,” ಎಂದರು ಅತ್ತೆ. “ನೆಂಟರಿಷ್ಟರಿಗೆಲ್ಲ ಅಳಿಯ ಪ್ರಧಾನ ಅಂತ ಸಾರಿಬಿಟ್ಟಿದೀನಿ. ಯಾವ ಮುಖ ಹೊತ್ಕೊಂಡು ಊರಿಗೆ ಹೋಗ್ಲಿ? ಅಳಿಯಂದಿರೇ, ನೀವು ನಿಜವಾಗ್ಲೂ ಪ್ರಧಾನ ಆಗೋವರೆಗೂ ನಾನು ಇಲ್ಲೇ ಇರ್ತೀನಿ.”

ಈಗ ನಮ್ಮ ಮಂಚದ ಮೇಲೆ ಅತ್ತೆ, ನಡುಮನೆಯ ನೆಲದ ಮೇಲೆ ನಾನು. ವ್ಯವಸ್ಥಾಪಕರು ನನಗಿಂತ ಎಂಟು ವರ್ಷ ಚಿಕ್ಕವರು. ಆಳು ಗಟ್ಟಿಮುಟ್ಟಾಗಿದ್ದಾರೆ.